ರಾಟೆಯ ವಯಸ್ಸು

ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿದ ಹುಳಿ ವಾಸನೆ ಬಂದರೆ ಇವತ್ತಿಗೂ ನನಗೆ ಅಜ್ಜನ ಗಾಳದ ರಾಟೆ ನೆನಪಾಗುತ್ತದೆ.

ನಾನಾಗ ನಾಲ್ಕನೇ ಕ್ಲಾಸು. ಅಜ್ಜ ತೀರಿಕೊಂಡ ಮರುವರ್ಷ, ಹಳೆಯ ಸಾಮಾನು ಕೊಳ್ಳುವವನೊಬ್ಬ ಶಿರಸಿಯಿಂದ ಕೋಲಸಿರ್ಸಿಯ ನಮ್ಮ ಮನೆಗೆ ಬಂದ. ಗಾಳದ ದಾರ ಸುತ್ತುವ ಆ ಪುಟ್ಟ ಹಿತ್ತಾಳೆ ಚಕ್ರವನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. ಅದು ಕಿರ್ರೆಂದಿತು.

"ಕೊಂಬಿನ ಹಿಡಿ. ಬ್ರಿಟಿಷರ ಕಾಲದ್ದೇ ಇದು," ಎಂದ. "ಯಾವ್ದೋ ಸಾಹೇಬರ ಬಂಗಲೆಯಿಂದ ನಿಮ್ಮ ಯಜಮಾನ್ರು ಎತ್ಕೊಂಡು ಬಂದಿರ್ಬೇಕು."

ಅಕ್ಕಿ ಆರಿಸುತ್ತಿದ್ದ ಅಜ್ಜಿ ಮೊರ ಕೆಳಗಿಟ್ಟಳು.

"ರಾಟೆ ಸಿದ್ದಾಪುರದ ಸಂತೇಲಿ ತಗಂಡಿದ್ದು ತಮಾ. ಆ ಕೊಂಬು ನಮ್ಮನೆ ಎಮ್ಮೇದು, ಈ ಮೊಮ್ಮಗಳ ಅಪ್ಪ ಹುಟ್ಟಿದ ವರ್ಷ ಸತ್ತಿದ್ದು. ಕೆತ್ತಿ ಕೂರಿಸಿದ್ದು ನಾನೇ. ಆಗ ನಿನ್ನ ಸಾಹೇಬ ಎಲ್ಲಿದ್ದ?"

ಅವನು ನಕ್ಕ. "ಹಿಡಿ ಬದಲಾಗಿರ್ಬಹುದು ಅಜ್ಜಿ. ಆದ್ರೆ ಈ ಹಸಿರು ಕಿಲುಬು ನೋಡಿ, ಇದೇ ಇದರ ವಯಸ್ಸು. ತೊಳೀಬೇಡಿ ಮಾತ್ರ. ತೊಳೆದ್ರೆ ಯಾರೂ ಮೂಸಿ ನೋಡೋದಿಲ್ಲ."

ಅಜ್ಜಿ ರಾಟೆಯನ್ನು ಅವನ ಕೈಯಿಂದ ಕಸಿದುಕೊಂಡು ನೇರ ಬಾವಿಕಟ್ಟೆಗೆ ಹೋದಳು. "ಹುಣಸೆಹಣ್ಣು ತಗಂಡು ಬಾರೇ," ಎಂದು ನನ್ನನ್ನು ಕೂಗಿದಳು.

ಅವನು "ಅಯ್ಯೋ, ಬೇಡ ಅಜ್ಜಿ!" ಎನ್ನುತ್ತಲೇ ಇದ್ದ. ಅಜ್ಜಿ ತಿಕ್ಕುತ್ತಲೇ ಇದ್ದಳು. ಹಸಿರೆಲ್ಲ ನೀರಾಗಿ ಕಲ್ಲಿನ ಮೇಲೆ ಹರಿಯಿತು. ರಾಟೆ ಮದುವೆಮನೆಯ ಚೊಂಬಿನಂತೆ ಹೊಳೆಯಿತು.

"ಈಗ ಹೇಳು, ಯಾರದ್ದು ಇದು?"

ಅವನು ಚಪ್ಪಲಿ ಮೆಟ್ಟಿದ. ಅಜ್ಜಿ ಒದ್ದೆ ರಾಟೆಯನ್ನು, ಅವನಿಗೆ ಕಾಣುವಂತೆಯೇ, ನನ್ನ ಕೈಗಿಟ್ಟಳು.

"ಗಾಳ ಕಟ್ಕಂಡು ಹೊಳೆಗೆ ಹೋಗು. ಇವತ್ತು ಸಾರಿಗೆ ಮೀನಿಲ್ಲ."