ಏಳನೆಯ ಇನ್ನಿಂಗ್ಸ್‌ನ ರಾಗ

ಬೇಸ್‌ಬಾಲ್ ತಂಡದ ವಕೀಲ ನಗರಸಭೆಯ ಸಾರ್ವಜನಿಕ ಸಭೆಯಲ್ಲಿ ಹಳೆಯ ಕ್ರೀಡಾಂಗಣದ ಆರ್ಗನ್ ವಾದ್ಯದ ರಾಗ ಹಾಕಿಸಿದ್ದೇ ತಡ, ಬರ್ನಡೆಟ್ ಎದ್ದು ನಿಂತಳು. ಒಂಬತ್ತು ಇನ್ನಿಂಗ್ಸ್‌ನ ಪ್ರತಿ ಆಟದಲ್ಲೂ ಏಳನೆಯದರ ನಡುವೆ ಆ ರಾಗಕ್ಕೆ ಊರಿಗೆ ಊರೇ ಎದ್ದು ಮೈಮುರಿಯುತ್ತಿತ್ತು. ತೀರಿಹೋದ ಗಂಡ ಲಿಯೊ ಅವಳ ಹೆಗಲಿಗೆ ಕೈಹಾಕಿ, ಬೇಕೆಂದೇ ಅಪಸ್ವರದಲ್ಲಿ ಹಾಡುತ್ತಿದ್ದ. ಹಾಟ್‌ಡಾಗ್ ತಿಂದ ಅವನ ತುಟಿಯ ಸಾಸಿವೆ ಘಾಟು ಈಗಲೂ ಮೂಗಿಗೆ ಬಡಿಯಿತು. ಸಭೆಯಲ್ಲೂ ಸುತ್ತ ಬಹುತೇಕ ಎಲ್ಲರೂ ಎದ್ದಿದ್ದರು.

"ನೋಡಿ, ಊರೆಲ್ಲ ನಮ್ಮ ಪರ! ತೆರಿಗೆ ದುಡ್ಡಲ್ಲಿ ಹೊಸ ಸ್ಟೇಡಿಯಂ ಕಟ್ಟಿಕೊಡಿ, ಇಲ್ಲಾಂದ್ರೆ ತಂಡ ಬೇರೆ ಊರಿಗೆ ಹೋಗುತ್ತೆ," ಎಂದ ವಕೀಲ. ಆ ದುಡ್ಡು ಹೊಂದಿಸಲು ನಗರಸಭೆ ಮುಚ್ಚಲಿದ್ದ ತನ್ನ ಬೀದಿಯ ಗ್ರಂಥಾಲಯವನ್ನು ಉಳಿಸಿಕೊಳ್ಳಲೆಂದೇ ಬರ್ನಡೆಟ್ ಬಂದಿದ್ದಳು.

"ಕೂತ್ಕೊಳ್ಳೇ ಮಾರಾಯ್ತಿ, ತಂಡದವರು ಫೋಟೋ ಹೊಡೀತಿದಾರೆ, ನೀನೂ ಅವರ ಪರ ಅಂತಾರೆ!" ಕೂತೇ ಇದ್ದ ಗೆಳತಿ ಡೊರೀನ್ ಅವಳ ಕೋಟು ಜಗ್ಗಿದಳು.

"ತಡಿಯೇ, ಹಾಡು ಮುಗೀಲಿ."

ರಾಗ ನಿಂತಿತು. "ನಾನು ಎದ್ದದ್ದು ಲಿಯೊಗೋಸ್ಕರ ಕಣಪ್ಪಾ, ನಿಮಗಲ್ಲ," ಎಂದು ವಕೀಲನಿಗೆ ಗಟ್ಟಿಯಾಗಿ ಹೇಳಿ ಕೂತಳು. ಹಿಂದೆ ಎದ್ದವರು ಕೂರುತ್ತಿದ್ದಂತೆ ಒಂದೊಂದೇ ಕುರ್ಚಿ ಕಿರುಗುಟ್ಟತೊಡಗಿತು.