ಡ್ರೈವರ್‌ಗೆ ಮಾತ್ರ ಕಾಣುವ ಅಂಕಿ

ಚಳ್ಳಕೆರೆ ಬಿಟ್ಟು ಬಿ.ಜಿ. ಕೆರೆ ಹತ್ತಿರ ಬರುವಷ್ಟರಲ್ಲಿ ಪಾಲಾಕ್ಷ ರಸ್ತೆ ನೋಡುವುದನ್ನೇ ಬಿಟ್ಟಿದ್ದ. ಕಣ್ಣು ರಸ್ತೆಯ ಕಡೆಗೇ ಇತ್ತು, ಆದರೆ ಅವನು ನೋಡುತ್ತಿದ್ದದ್ದು ರಸ್ತೆಯ ಮೇಲೆ ತೇಲುತ್ತಿದ್ದ ಹಸಿರು ಅಂಕಿಯನ್ನು. ಎದುರಿನ ಗಾಜಿನಾಚೆ, ಬಾನೆಟ್ಟಿನ ತುದಿಯಲ್ಲಿ, ಅರವತ್ತೆಂಟು ಎಂದು ಯಾರೋ ಗಾಳಿಯಲ್ಲಿ ಬರೆದಿಟ್ಟ ಹಾಗಿತ್ತು. ಅದು ಅರವತ್ತೊಂಬತ್ತಾದರೆ ಅವನಿಗೆ ಖುಷಿ. ಎಪ್ಪತ್ತಾದರೆ ಇನ್ನೂ ಖುಷಿ.

ಮದುವೆ ಸೀರೆ ತೆಗೆಯಲು ಹೊರಟವರನ್ನು ಬಾಡಿಗೆ ಕಾರಿನಲ್ಲಿ ಮೊಳಕಾಲ್ಮೂರಿಗೆ ಕರೆದೊಯ್ಯುವುದು ಪಾಲಾಕ್ಷನ ಕಸುಬು. ಹಳೆಯ ಡೀಸೆಲ್ ಕಾರಿನಲ್ಲಿ ಅವನು ಮೀಟರ್ ನೋಡಿದವನೇ ಅಲ್ಲ. ಇಂಜಿನ್ನಿನ ಗುರುಗುಟ್ಟುವಿಕೆ ಕೇಳಿಯೇ ವೇಗ ಹೇಳುತ್ತಿದ್ದ. ಆ ಕಾರು ಕೈಕೊಟ್ಟ ಮೇಲೆ ಎಲೆಕ್ಟ್ರಿಕ್ ಕಾರು ಕೊಳ್ಳೋಣವೆಂದು ಟೆಸ್ಟ್ ಡ್ರೈವ್‌ಗೆ ಬಂದಿದ್ದ. ಹಿಂದಿನ ಸೀಟಿನಲ್ಲಿ ಹೆಂಡತಿ ಶಶಿರೇಖಾ, ಪಕ್ಕದಲ್ಲಿ ಷೋರೂಮಿನ ಪ್ರಭು. ಈ ಕಾರಿಗೆ ಸದ್ದೇ ಇಲ್ಲ, ಎಷ್ಟು ವೇಗದಲ್ಲಿದ್ದೀರಿ ಅಂತ ಗೊತ್ತೇ ಆಗುವುದಿಲ್ಲ, ಅದಕ್ಕೇ ಮೇಲಿನ ಮಾಡೆಲ್ಲಿಗೆ ಹೆಡ್-ಅಪ್ ಡಿಸ್‌ಪ್ಲೇ ಕೊಟ್ಟಿರುವುದು, ವೇಗ, ಚಾರ್ಜು ಎಲ್ಲಾ ಕಣ್ಣೆದುರಿಗೇ ಬರುತ್ತದೆ, ತಲೆ ಬಗ್ಗಿಸುವ ಹಾಗೇ ಇಲ್ಲ ಎಂದು ಪ್ರಭು ದಾರಿಯುದ್ದಕ್ಕೂ ಒಂದೇ ಸಮನೆ ಹೇಳುತ್ತಿದ್ದ.

ಶಶಿರೇಖಾ ಎರಡು ಸೀಟಿನ ನಡುವೆ ಕತ್ತು ತೂರಿಸಿ ನೋಡಿದಳು. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು.

“ನಂಗೇನೂ ಕಾಣ್ತಿಲ್ವಲ್ಲ.”

“ಅದು ಡ್ರೈವರ್‌ಗೆ ಮಾತ್ರ ಕಾಣೋದು ಅಕ್ಕಾ,” ಎಂದ ಪ್ರಭು ಹೆಮ್ಮೆಯಿಂದ.

ಗಂಡನಿಗೆ ಮಾತ್ರ ಕಾಣುವ ಸಂಗತಿಗಳ ಬಗ್ಗೆ ಶಶಿರೇಖಾಗೆ ಮದುವೆಯಾದಾಗಿನಿಂದಲೂ ಅನುಮಾನವಿತ್ತು. ಅವಳು ಹಿಂದಕ್ಕೆ ಒರಗಿ ಕಿಟಕಿಯ ಹೊರಗೆ ನೋಡತೊಡಗಿದಳು. ಪ್ರಭು ಅವಳನ್ನು ಒಪ್ಪಿಸಲೆಂದು ಪೂರ್ತಿ ಹಿಂದಕ್ಕೆ ತಿರುಗಿ ಕೂತ. ಆಗಲೇ ಹಸಿರು ಅಂಕಿಯ ಪಕ್ಕದಲ್ಲಿ ಒಂದು ಕೆಂಪು ತ್ರಿಕೋನ ಮೂಡಿ ಮಿನುಗತೊಡಗಿತು. ಪಾಲಾಕ್ಷನಿಗೆ ಅದು ಬಹಳ ಚಂದ ಕಂಡಿತು. ಇದೇನಿದು, ಕೆಂಪಗೆ ಏನೋ ಬಂತಲ್ಲ ಎಂದು ಅವನು ಕೇಳುವುದಕ್ಕೂ, ಹಿಂದಿನಿಂದ ಶಶಿರೇಖಾಳ ಕೈ ಅವನ ಭುಜದ ಮೇಲೆ ಬೀಳುವುದಕ್ಕೂ ಸರಿಹೋಯಿತು.

“ಕುರಿ ರೀ.”

ಪಾಲಾಕ್ಷ ಬ್ರೇಕಿನ ಮೇಲೆ ಎದ್ದೇ ನಿಂತ. ಕಾರು ಮೂತಿ ಬಗ್ಗಿಸಿ ನಿಂತಿತು. ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಬರೀ ಉಣ್ಣೆ. ಬಂಪರಿಗೆ ಗೇಣು ದೂರದಲ್ಲಿದ್ದ ಕುರಿಯೊಂದು, ಹಿಂದೆ ಏನೋ ಬಂದಿದೆ ಎಂಬುದು ಆಗಷ್ಟೇ ತಿಳಿದಂತೆ, ನಿಧಾನವಾಗಿ ತಿರುಗಿ ನೋಡಿತು. ಇಷ್ಟು ದೊಡ್ಡ ಹಿಂಡು ಎಲ್ಲಿಂದ ಬಂತೆಂದು ಪಾಲಾಕ್ಷನಿಗೆ ತಿಳಿಯಲೇ ಇಲ್ಲ.

ಕುರಿ ಕಾಯುವ ಜುಂಜಣ್ಣ ಬಂದು ಕೋಲಿನಿಂದ ಬಾನೆಟ್ಟಿಗೆ ಒಂದು ಬಿಟ್ಟ. ಮೊದಲು ಕನ್ನಡದಲ್ಲಿ ಬೈದ. ಅದು ಸಾಲದೆ ತೆಲುಗಿಗೆ ಹೊರಳಿದ. ವ್ಯಾಪಾರ ಕೈತಪ್ಪುವ ಭಯಕ್ಕೆ ಬಿದ್ದ ಪ್ರಭು ಕೆಳಗಿಳಿದು, ತಪ್ಪು ಕಾರಿನದಲ್ಲ, ಕಾರು ಮೊದಲೇ ಎಚ್ಚರಿಸಿದೆ, ಬೇಕಿದ್ದರೆ ನೀನೇ ಕೂತು ನೋಡಣ್ಣ ಎಂದು ಪಾಲಾಕ್ಷನನ್ನು ಇಳಿಸಿ ಜುಂಜಣ್ಣನನ್ನೇ ಡ್ರೈವರ್ ಸೀಟಿನಲ್ಲಿ ಕೂರಿಸಿಬಿಟ್ಟ. ಜುಂಜಣ್ಣ ಹೆಗಲ ಕಂಬಳಿ ಸಮೇತ ಕೂತ. ಗಾಜಿನಾಚೆ ನೋಡಿದ. ಮುಖ ಗಂಟಾಯಿತು.

“ಏನಪ್ಪಾ ಇದು, ನನ್ನ ಕುರಿ ಮ್ಯಾಲೆ ಸೊನ್ನೆ ಬರ್ದೈತೆ.”

ಕಾರು ನಿಂತಿದೆ, ಅದಕ್ಕೇ ಸೊನ್ನೆ ಎಂದು ಪ್ರಭು ವಿವರಿಸಿದ. ಜುಂಜಣ್ಣ ಒಪ್ಪಲಿಲ್ಲ. ಕಾರು ನಿಂತಿದ್ದರೆ ಕಾರಿನ ಮೇಲೆ ಬರೆಯಬೇಕು, ಬದುಕಿರುವ ಕುರಿಯ ಮೇಲೆ ಯಾಕೆ ಬರೆಯಬೇಕು ಎಂದು ಕೇಳಿದ. ಅಷ್ಟರಲ್ಲಿ ಮುಂದಿದ್ದ ಕುರಿ ಪಕ್ಕಕ್ಕೆ ಸರಿದು, ಸೊನ್ನೆ ಅದರ ಹಿಂದಿದ್ದ ಮರಿಯ ಹಣೆಗೆ ಕೂತಿತು. ಅದನ್ನು ಅಳಿಸುವವರೆಗೂ ಏಳುವುದಿಲ್ಲವೆಂದು ಜುಂಜಣ್ಣ ಸ್ಟಿಯರಿಂಗ್ ಹಿಡಿದು ಕೂತ. ಪ್ರಭು ನಡುವಿನ ದೊಡ್ಡ ಪರದೆಯನ್ನು ಬೆವರುತ್ತಾ ತಡಕಿದ. ಹಾಡು ಬಂತು, ಎಸಿ ಜೋರಾಯಿತು, ಸೀಟು ಹಿಂದಕ್ಕೆ ಹೋಯಿತು. ಕೊನೆಗೆ ಸೊನ್ನೆ ಮಾಯವಾಯಿತು. ಮರಿಯನ್ನು ಇನ್ನೊಮ್ಮೆ ಚೆನ್ನಾಗಿ ನೋಡಿಕೊಂಡು ಜುಂಜಣ್ಣ ಇಳಿದ.

ವಾಪಸ್ಸು ಬರುವಾಗ ಶಶಿರೇಖಾ ಪ್ರಭುವನ್ನು ಹಿಂದಕ್ಕೆ ಕಳಿಸಿ ತಾನು ಮುಂದೆ ಕೂತಳು.

“ನಂಗೆ ಕುರಿ ಕಾಣ್ಲೇ ಇಲ್ಲ ಕಣೇ,” ಎಂದ ಪಾಲಾಕ್ಷ ಮೆಲ್ಲಗೆ.

ಅವಳಿಗೆ ಬೈಯಬೇಕೆಂದಿತ್ತು. ಬದಲಿಗೆ ಸೆರಗಿನಿಂದ ಅವನ ಹಣೆಯ ಬೆವರು ಒರೆಸಿದಳು. ಹಿಂದಿನಿಂದ ಪ್ರಭು, ಡಿಸ್‌ಪ್ಲೇ ಇಲ್ಲದಿದ್ದರೆ ಸದ್ದಿಲ್ಲದ ಕಾರಿನಲ್ಲಿ ವೇಗ ಹೇಗೆ ತಿಳಿಯುತ್ತದೆ ಎಂದು ಇನ್ನೂ ವಾದಿಸುತ್ತಿದ್ದ. ಶಶಿರೇಖಾ ನಡುವಿನ ಪರದೆಗೆ ಬೆರಳು ತೋರಿಸಿದಳು. ಅಲ್ಲಿಯೂ ವೇಗ ಹೆಬ್ಬೆರಳುದ್ದದ ಅಂಕಿಯಲ್ಲಿ ಬರುತ್ತಿತ್ತು.

“ಇಲ್ಲೇ ಐತಲ್ಲ. ಎಲ್ರಿಗೂ ಕಾಣ್ಲಿ ಬಿಡಪ್ಪ.”

ಹಾಗೆ ಆ ಹಸಿರು ಅಂಕಿ ಇಲ್ಲದ ಕೆಳಗಿನ ಮಾಡೆಲ್ಲೇ ಮನೆಗೆ ಬಂತು. ಮೊದಲ ಬಾಡಿಗೆಗೆ ಹತ್ತಿದ್ದು ಮದುವೆ ಸೀರೆಗೆ ಹೊರಟ ಒಂದು ದೊಡ್ಡ ಸಂಸಾರ. ಮುಂದಿನ ಸೀಟಿಗೆ ಮದುಮಗಳ ಅಜ್ಜಿ ಮಂಜಮ್ಮ. ಪಾಲಾಕ್ಷ ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು, ರೆಪ್ಪೆ ಮಿಟುಕಿಸದೆ ರಸ್ತೆಯನ್ನೇ ನೋಡುತ್ತಾ ಅರವತ್ತರಲ್ಲಿ ಹೋಗುತ್ತಿದ್ದ. ಅಜ್ಜಿ ಬಹಳ ಹೊತ್ತು ಪರದೆಯನ್ನೇ ನೋಡಿದಳು. ಆಮೇಲೆ ಅವನ ಮೊಣಕೈ ತಟ್ಟಿದಳು.

“ಮದ್ವೆ ಕೆಲ್ಸಕ್ಕೆ ಹೊಂಟೀವಿ, ಅರವತ್ತು ಯಾಕಪ್ಪಾ? ನೂರಾ ಒಂದು ಮಾಡು.”