ಮರಿಕೊಪ್ಪದ ಬೋರ್ಡು

ಪಕ್ಕದ ಮನೆಯ ಗೇಟಿಗೆ ಬಳಿದ ಎಣ್ಣೆಬಣ್ಣದ ವಾಸನೆ ಇವತ್ತು ವಿದ್ಯಾನಗರದ ನನ್ನ ಕೋಣೆಗೆ ಬಂದದ್ದೇ ತಡ, ಹಳೆಯ ಸಿಟ್ಟು ಮತ್ತೆ ಏರಿತು.

ಗರಗದ ಹತ್ತಿರದ ನಮ್ಮ ಪುಟ್ಟ ಊರು ಮರಿಕೊಪ್ಪ. ದಾರಿಹೋಕ ಕುರಿಗಾರನೊಬ್ಬನ ಕುರಿ ಇಲ್ಲಿ ಮರಿ ಹಾಕಿತು, ಅವನು ಗುಡಿಸಲು ಕಟ್ಟಿಕೊಂಡು ಇಲ್ಲೇ ಉಳಿದ ಎಂದು ಆಯಿ, ಅಂದರೆ ನಮ್ಮಜ್ಜಿ, ಹೇಳುತ್ತಿದ್ದಳು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಒಂದು ಮಧ್ಯಾಹ್ನ ಊರ ತಿರುವಿಗೆ ಹೊಸ ಬೋರ್ಡು ಬಂತು. ಹಳದಿ ತಗಡಿನ ಮೇಲೆ ಕಪ್ಪು ಎಣ್ಣೆಬಣ್ಣದಲ್ಲಿ ಶಾಲೆಯ ಮಾಸ್ತರರು ತಾವೇ ನಿಂತು ಬರೆಸಿದ್ದರು: ಮರೆಕೊಪ್ಪ.

"ಮನಿ ಅನ್ನೂದು ತಪ್ಪು, ಮನೆ ಸರಿ. ಹಂಗ ಮರಿ ತಪ್ಪು, ಮರೆ ಸರಿ," ಎಂದು ವಿವರಿಸಿದರು. "ಗುಡ್ಡದ ಮರೆಯೊಳಗಿರೂ ಊರು."

ನಮ್ಮೂರ ಸುತ್ತ ಎಲ್ಲಿ ನೋಡಿದರೂ ಸಪಾಟು ಎರೆಹೊಲ. ಗುಡ್ಡವೇ ಇರಲಿಲ್ಲ.

ಆಯಿ ಬಗಲಲ್ಲಿದ್ದ ಬೆಚ್ಚನೆಯ ಕುರಿಮರಿಯನ್ನು ಅವರ ಮುಂದೆ ಹಿಡಿದಳು.

"ಹಂಗಾರ ಇದಕ್ಕೇನಂತೀರಿ, ಮಾಸ್ತರ?"

"ಮರಿ," ಎಂದರು ಮಾಸ್ತರರು.

"ಮತ್ತ ತಿದ್ದಸ್ರಿ."

ಅವರು ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. "ಈಗ ಬಣ್ಣ ಒಣಗೇತ್ರಿ, ಆಯಿ," ಎಂದು ಸೈಕಲ್ ಹತ್ತಿ ಹೋದರು.

ನಾನು ತುದಿಗಾಲಲ್ಲಿ ನಿಂತು 'ರೆ' ಅಕ್ಷರವನ್ನು ಮುಟ್ಟಿದೆ. ಬೆರಳು ಕಪ್ಪಾಯಿತು.